ಮಳೆ ಬಂದರೆ ನಡುರಸ್ತೆಯಲ್ಲಿ ಆಫ್ ಆಗುವ ಓಮ್ನಿ: ಎಲ್ಲಿಂದ ಹುಡುಕುವುದು?

ಬದಿಯಡ್ಕ ಮೈಕ್‌ಸೆಟ್:
ಗಾಡಿ 2012ರ ಪೆಟ್ರೋಲ್ ಓಮ್ನಿ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವುದು). ಹಿಂದೆ ಸ್ಪೀಕರ್ ಬಾಕ್ಸ್, ಆಂಪ್ಲಿಫೈಯರ್, ವೈರಿನ ಸುರುಳಿ ಹೇರಿಕೊಂಡು ಓಡುತ್ತದೆ. ತೊಂದರೆ ಇಷ್ಟೇ: ಓಡುತ್ತಾ ಇರುವಾಗಲೇ ಎಂಜಿನ್ ಪಕ್ಕನೆ ಆಫ್. ಜರ್ಕ್ ಇಲ್ಲ, ಮಿಸ್ಸಿಂಗ್ ಇಲ್ಲ, ಮುನ್ಸೂಚನೆಯೇ ಇಲ್ಲ. ಬದಿಗೆ ನಿಲ್ಲಿಸಿ ಒಂದಿಷ್ಟು ಹೊತ್ತು ಕಾದರೆ ಸೆಲ್ಫ್ ಸ್ಟಾರ್ಟರ್ ಒಂದೇ ಸಲ ಹೊಡೆದರೆ ಸ್ಟಾರ್ಟ್.

ಬಿಸಿಲಲ್ಲಿ ಒಮ್ಮೆಯೂ ಕೈ ಕೊಟ್ಟಿಲ್ಲ. ಮಳೆಗೆ ಮಾತ್ರ. ಅದೂ ಹೊರಟ ಕೂಡಲೇ ಅಲ್ಲ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಪೆರ್ಲ ದಾಟಿ ಅಡ್ಯನಡ್ಕ ಹತ್ತಿರ ಬರುವ ಹೊತ್ತಿಗೆ ಶುರು. ಒಂದು ವರ್ಕ್‌ಶಾಪ್‌ನಲ್ಲಿ ನೀರು ಹೋಗುತ್ತಿದೆ ಅಂತ ಪ್ಲಗ್ ವೈರ್ ಬದಲಾಯಿಸಿದರು. ಇನ್ನೊಂದರಲ್ಲಿ ಪೆಟ್ರೋಲ್ ಪಂಪ್ ಹೊಸತು ಹಾಕಿದರು. ಬ್ಯಾಟರಿಯೂ ಹೊಸತು. ಈಗ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಬದಲಾಯಿಸಿ ಅನ್ನುತ್ತಿದ್ದಾರೆ. ಕೋಲ, ಜಾತ್ರೆ ಎಲ್ಲ ನಿಲ್ಲುವ ಪತ್ತನಾಜೆ ಕಳೆದ ಮೇಲೆ ನಮಗೆ ಕೆಲಸ ಕಡಿಮೆ, ಹಾಗಾಗಿ ಸುಧಾರಿಸುತ್ತಿದ್ದೇನೆ. ಅಷ್ಟಮಿ, ಚೌತಿ ಬರುವುದರೊಳಗೆ ಸರಿ ಆಗಲೇಬೇಕು. ಗೊತ್ತಿದ್ದವರು ಹೇಳಿ ಮಾರಾಯ್ರೇ.

ಮುಳ್ಳೇರಿಯ ಅಡಿಕೆಗಾಡಿ:
ಅಡ್ಯನಡ್ಕದ ತಿರುವಿನಲ್ಲೇ ಅಂದರೆ ಇದು ಮೆಕ್ಯಾನಿಕ್ ಕೆಲಸ ಅಲ್ಲ ಅಣ್ಣಾ, ಜೋಯಿಸರಲ್ಲಿ ಪ್ರಶ್ನೆ ಇಡಿಸಿ 😀

ಉಪ್ಪಳ ವೈರ್‌ಮ್ಯಾನ್:
ಇಸಿಎಂಗೆ ದುಡ್ಡು ಹಾಕುವುದನ್ನು ಸದ್ಯ ನಿಲ್ಲಿಸಿ. ಒಂದೇ ಪ್ರಶ್ನೆ. ಎಂಜಿನ್ ನಿಂತ ಆ ಹೊತ್ತಿಗೆ, ಗಾಡಿ ಇನ್ನೂ ಉರುಳುತ್ತಾ ಇರುವಾಗ, ಡ್ಯಾಶಿನ ಮೀಟರಿನಲ್ಲಿ ಏನು ಕಾಣುತ್ತದೆ?

ಯಾಕೆ ಕೇಳುತ್ತೇನೆಂದರೆ, ಪೆಟ್ರೋಲ್ ಸಿಗದೆ ನಿಂತರೆ ಅಥವಾ ಕಿಡಿ ಬರದೆ ನಿಂತರೆ ಕೀ ಆನ್‌ನಲ್ಲೇ ಇರುತ್ತದೆ, ಕರೆಂಟ್ ಇರುತ್ತದೆ. ಆಗ ಕೆಂಪು ಬ್ಯಾಟರಿ ಲೈಟ್, ಆಯಿಲ್ ಲೈಟ್ ಎರಡೂ ಹತ್ತಬೇಕು. ಹಾಗೆ ಹತ್ತಿದರೆ ಪಂಪ್, ಕಾಯಿಲ್, ಸೆನ್ಸರ್ ಕಡೆ ಹುಡುಕಬೇಕು. ಮೀಟರ್ ಪೂರ್ತಿ ಕತ್ತಲಾದರೆ ಕಥೆಯೇ ಬೇರೆ. ಕರೆಂಟ್ ಹಿಂದೆಯೇ ಎಲ್ಲೋ ಕಡಿಯುತ್ತಿದೆ ಅಂತ ಅರ್ಥ. ಆಗ ಪಂಪ್ ಬದಲಾಯಿಸಿದ್ದು ಸುಮ್ನೆ ಖರ್ಚು.

ಇನ್ನೊಂದು ಸಂಗತಿ. ಕೀ ಆಫ್ ಮಾಡಿದರೂ ನಿಮ್ಮ ಹೆಡ್‌ಲೈಟ್ ಉರಿಯುತ್ತದಾ, ಮನೆಯ ಅಂಗಳದಲ್ಲೇ ನೋಡಿ. ಉರಿಯುವುದಾದರೆ ಹೆಡ್‌ಲೈಟಿನ ಲೈನ್ ಕೀ ಸ್ವಿಚ್ಚಿಗೆ ಹೋಗದೆ ಬೇರೆ ದಾರಿಯಲ್ಲಿ ಬರುತ್ತದೆ. ರಾತ್ರಿ ಗಾಡಿ ನಿಂತಾಗ ಅದು ಉರಿಯುತ್ತಿತ್ತಾ ಅಂತ ನೆನಪು ಮಾಡಿಕೊಂಡು ಹೇಳಿ.

ಬದಿಯಡ್ಕ ಮೈಕ್‌ಸೆಟ್:
ಮೀಟರ್ ಪೂರ್ತಿ ಕತ್ತಲು. ಒಂದು ಲೈಟೂ ಇಲ್ಲ. ವೈಪರ್ ಕೂಡ ಗಾಜಿನ ಮಧ್ಯದಲ್ಲೇ ನಿಲ್ಲುತ್ತದೆ. ಹೆಡ್‌ಲೈಟ್ ಮಾತ್ರ ಆರುವುದಿಲ್ಲ, ಅದರ ಬೆಳಕಿನಲ್ಲೇ ಬದಿಗೆ ತಂದಿದ್ದು. ಈಗ ನೋಡಿದೆ, ಕೀ ತೆಗೆದರೂ ಹೆಡ್‌ಲೈಟ್ ಉರಿಯುತ್ತದೆ. ಇದನ್ನು ಯಾರೂ ನನ್ನಲ್ಲಿ ಕೇಳಿಯೇ ಇರಲಿಲ್ಲ.

ಉಪ್ಪಳ ವೈರ್‌ಮ್ಯಾನ್:
ಹಾಗಾದರೆ ಅರ್ಧ ಗಾಡಿ ಲೆಕ್ಕದಿಂದ ಹೊರಗೆ ಹೋಯಿತು. ಬ್ಯಾಟರಿ ಸರಿ, ಬ್ಯಾಟರಿ ಟರ್ಮಿನಲ್ ಸರಿ, ಮುಖ್ಯ ಅರ್ತ್ (ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ ಹೋಗುವ ವೈರ್) ಸರಿ. ಇದರಲ್ಲಿ ಒಂದು ಬಿಟ್ಟುಕೊಂಡರೂ ಹೆಡ್‌ಲೈಟ್ ಸಹ ಆರಬೇಕಿತ್ತು. ಉಳಿದದ್ದು ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ ಬರುವ ವೈರ್, ಸ್ವಿಚ್, ಅದರ ಹಿಂದಿನ ಕನೆಕ್ಟರ್, ಅಲ್ಲಿಂದ ಫ್ಯೂಸ್ ಬಾಕ್ಸ್‌ವರೆಗಿನ ವೈರ್. ಒಂದು ಮೊಳದ ಜಾಗ.

ದಯವಿಟ್ಟು ಒಂದು ಜಾಗ್ರತೆ. ಎಂಜಿನ್ ನಿಂತು ಗಾಡಿ ಉರುಳುತ್ತಾ ಇರುವಾಗ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಬ್ರೇಕಿಗೆ ಬೂಸ್ಟರ್ ಇದ್ದರೆ ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು ಬಿಟ್ಟು ಒತ್ತದೆ, ಒಂದೇ ಸಲ ಒತ್ತಿ ಹಿಡಿದು ಬದಿಗೆ ತನ್ನಿ.

ಪೆರ್ಲದ ಹಳೇ ಮೆಕ್ಯಾನಿಕ್:
ಇಷ್ಟೆಲ್ಲ ಯಾಕೆ. ಗಾಡಿ ಸ್ಟಾರ್ಟ್ ಇಟ್ಟು ಬ್ಯಾಟರಿಯ ಒಂದು ಟರ್ಮಿನಲ್ ತೆಗೆಯಿರಿ. ಎಂಜಿನ್ ನಿಂತರೆ ಡೈನಮೋ ವೀಕ್. ನಾವು ಎಲ್ಲ ಗಾಡಿಯೂ ಹೀಗೇ ನೋಡಿದ್ದು.

ಕಾಸರಗೋಡು ಪಾಲಿ ಹುಡುಗ:
ಮಾವಾ, ಅದು ಹಳೆಯ ಕಾರ್ಬ್ಯುರೇಟರ್ ಪೆಟ್ರೋಲ್ ಗಾಡಿಗೆ ನಡೆಯುತ್ತಿತ್ತು. ಇಸಿಎಂ ಇರುವ ಗಾಡಿಯಲ್ಲಿ ಬೇಡ. ಚಾರ್ಜ್ ಆಗುತ್ತಿರುವಾಗ ಬ್ಯಾಟರಿ ತೆಗೆದರೆ ಆ ಕರೆಂಟಿಗೆ ಹೋಗಲು ಜಾಗ ಇರುವುದಿಲ್ಲ, ಕ್ಷಣಕಾಲ ಲೈನಿನಲ್ಲಿ ಹತ್ತಾರು ವೋಲ್ಟ್ ಜಿಗಿಯಬಹುದು. ಡೈನಮೋದ ಡಯೋಡ್ ಅಥವಾ ಇಸಿಎಂ, ಯಾವುದಾದರೂ ಒಂದು ಹೋಗಬಹುದು. ಮಲ್ಟಿಮೀಟರ್ ಇದ್ದರೆ ಸಾಕು. ಎಂಜಿನ್ ಆಫ್‌ನಲ್ಲಿ ಬ್ಯಾಟರಿ 12.6 ಆಸುಪಾಸು, ಸ್ಟಾರ್ಟ್ ಆದ ಮೇಲೆ 13.8ರಿಂದ 14.5ರೊಳಗೆ ಬಂದರೆ ಡೈನಮೋ ಚೆನ್ನಾಗಿದೆ.

ಪೆರ್ಲದ ಹಳೇ ಮೆಕ್ಯಾನಿಕ್:
ಆಯ್ತಪ್ಪ, ಟರ್ಮಿನಲ್ ತೆಗೆಯುವುದು ಬೇಡ. ಆದರೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ, ನೀವು ಯಾರೂ ಕೇಳಲಿಲ್ಲ. ಮಳೆ ಬಂದಾಗ ಈ ಜನ ಗಾಡಿಯಲ್ಲಿ ಏನೇನು ಸ್ವಿಚ್ ಹಾಕುತ್ತಾರೆ? ಮಳೆ ನೀರಿಗೆ ಕೆಡುವ ಗಾಡಿ ಬೆಳಿಗ್ಗೆ ಒದ್ದೆಯಲ್ಲಿ ಸ್ಟಾರ್ಟ್ ಆಗುವುದೇ ಇಲ್ಲ. ಇವರದ್ದು ಸ್ಟಾರ್ಟ್ ಆಗಿ, ಅಷ್ಟು ದೂರ ಓಡಿ, ಬಿಸಿಯಾದ ಮೇಲೆ ನಿಲ್ಲುತ್ತದೆ. ತಣ್ಣಗಾದರೆ ಮತ್ತೆ ಹೊರಡುತ್ತದೆ. ನೀರು ಒಣಗಲು ಸ್ವಲ್ಪ ಹೊತ್ತು ಸಾಕಾ ಈ ಆಟಿ ತಿಂಗಳ ಮಳೆಯಲ್ಲಿ?

ಬದಿಯಡ್ಕ ಮೈಕ್‌ಸೆಟ್:
ಮಳೆಗೆ ವೈಪರ್. ಮುಂದಿನ ಬಂಪರಿನ ಫಾಗ್ ಲೈಟ್. ಗಾಜಿಗೆ ಮಂಜು ಕಟ್ಟುತ್ತದೆ ಅಂತ ಒಳಗೆ ಫ್ಯಾನ್. ಸ್ಟೀರಿಯೋ ಯಾವಾಗಲೂ ಇರುತ್ತದೆ. ಫಾಗ್ ಲೈಟ್ ನಾನು ಹಾಕಿಸಿದ್ದಲ್ಲ, ಗಾಡಿ ನನ್ನ ಕೈಗೆ ಬರುವಾಗಲೇ ಇತ್ತು.

ಉಪ್ಪಳ ವೈರ್‌ಮ್ಯಾನ್:
ಮಾವನಿಗೆ ಒಂದು ಚಹಾ ನನ್ನ ಲೆಕ್ಕದಲ್ಲಿ. ನಾನೂ ಒದ್ದೆಯ ಹಿಂದೆಯೇ ಹೋಗುತ್ತಿದ್ದೆನೋ ಏನೋ.

ಈಗ ಲೆಕ್ಕ ಹಾಕಿ. ಫಾಗ್ ಲೈಟ್ 55 ವಾಟ್‌ನ ಎರಡು ಬಲ್ಬ್ ಅಂದರೆ 110 ವಾಟ್, 12 ವೋಲ್ಟಿಗೆ ಭಾಗಿಸಿದರೆ 9 ಆಂಪ್ ಮೇಲೆ. ವೈಪರ್ ಮೂರು ನಾಲ್ಕು ಆಂಪ್. ಫ್ಯಾನ್, ಸ್ಟೀರಿಯೋ ಸೇರಿಸಿ. 15 ಆಂಪ್ ಸುಲಭವಾಗಿ ಆಗುತ್ತದೆ, ಎಂಜಿನ್‌ಗೆ ಬೇಕಾದ್ದು ಬೇರೆ. ಬಿಸಿಲಿನಲ್ಲಿ ಇದರಲ್ಲಿ ಮುಕ್ಕಾಲು ಭಾಗ ಇರುವುದಿಲ್ಲ.

ಕೀ ಸ್ವಿಚ್ಚಿನ ಹಾದಿಯಲ್ಲಿ ಎಲ್ಲಾದರೂ ಕರೆಂಟಿಗೆ 0.1 ಓಮ್ ತಡೆ ಕೊಡುವ ಲೂಸ್ ಇದೆ ಅಂತಿಟ್ಟುಕೊಳ್ಳಿ. 15 ಆಂಪ್ ಅದರಲ್ಲಿ ಹೋದರೆ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಶಾಖ ಎಷ್ಟು? 15 ಗುಣಿಸು 1.5, 22 ವಾಟ್ ಮೇಲೆ. ಮೈಕ್‌ಸೆಟ್‌ನವರಿಗೆ ಹೇಳಬೇಕಾ, ನಿಮ್ಮ 25 ವಾಟ್‌ನ ಸೋಲ್ಡರಿಂಗ್ ಐರನ್ ಸ್ಟೇರಿಂಗ್ ಕೆಳಗೆ ಆನ್ ಮಾಡಿ ಇಟ್ಟ ಹಾಗೆ. ಪಿನ್ ಬಿಸಿಯಾಗಿ ಹಿಡಿತ ಸಡಿಲವಾಗುತ್ತದೆ, ಒಂದು ಹಂಪ್ ಸಿಕ್ಕಿದರೆ ಬಿಟ್ಟೇ ಬಿಡುತ್ತದೆ. ತಣ್ಣಗಾದರೆ ಮತ್ತೆ ಕಚ್ಚುತ್ತದೆ.

ಬದಿಯಡ್ಕ ಮೈಕ್‌ಸೆಟ್:
ಆದರೆ ಇಲೆಕ್ಟ್ರಿಷಿಯನ್ ಸ್ವಿಚ್ಚಿನ ವೈರಿಗೆ ಮೀಟರ್ ಹಿಡಿದು 12.5 ತೋರಿಸಿದ್ದ. ಲೈನ್ ಸರಿ ಉಂಟು ಅಂದ.

ಕಾಸರಗೋಡು ಪಾಲಿ ಹುಡುಗ:
ಅಣ್ಣಾ, ಲೋಡ್ ಇಲ್ಲದೆ ಅಳೆದರೆ ಹಾಗೇ ತೋರಿಸುತ್ತದೆ. ಇಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ 12 ವೋಲ್ಟ್ ಕಾಣುತ್ತದೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ವೈಪರ್, ಫಾಗ್, ಫ್ಯಾನ್ ಎಲ್ಲ ಹಾಕಿ ಅಳೆಯಬೇಕು. ಅದೂ ಅರ್ತ್‌ಗೆ ಅಲ್ಲ. ಮೀಟರಿನ ಒಂದು ಪ್ರೋಬ್ (ಅಳೆಯುವ ಕಡ್ಡಿ) ಸ್ವಿಚ್ಚಿಗೆ ಬರುವ ವೈರಿಗೆ, ಇನ್ನೊಂದು ಸ್ವಿಚ್ಚಿನಿಂದ ಹೊರಡುವ ವೈರಿಗೆ. ಮಧ್ಯದಲ್ಲಿ ಎಷ್ಟು ಕಳೆಯುತ್ತದೆ ಅನ್ನುವುದು ನೇರವಾಗಿ ಸಿಗುತ್ತದೆ. ಸೊನ್ನೆ ಹತ್ತಿರ ಇದ್ದರೆ ಒಳ್ಳೆಯದು. ಅರ್ಧ ವೋಲ್ಟ್ ದಾಟಿದರೆ ಬಿಚ್ಚಿ ನೋಡಲೇಬೇಕು.

ಪ್ರೋಬ್‌ನ್ನು ಕನೆಕ್ಟರಿನ ಹಿಂಬದಿಯಿಂದ ಪಿನ್ ತಾಗುವ ಹಾಗೆ ನೂಕಿ. ವೈರಿನ ಸಿಪ್ಪೆಗೆ ಸೂಜಿ ಚುಚ್ಚಬೇಡಿ. ನಮ್ಮ ಊರಿನ ತೇವಕ್ಕೆ ಆ ತೂತಿನಿಂದಲೇ ತಾಮ್ರ ಹಸಿರಾಗುತ್ತದೆ.

ಮಂಜೇಶ್ವರ ಕಡಲಬದಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಇನ್ನೊಂದು ಕಂಪನಿಯ ವ್ಯಾನ್. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಕೆಲವೊಮ್ಮೆ ಬರೀ ಟಕ್ ಅನ್ನುತ್ತದೆ. ಬ್ಯಾಟರಿ ಹೊಸತು. ಮನೆ ಸಮುದ್ರದಿಂದ ಕೂಗಳತೆ ದೂರ. ಇದೂ ಕೀ ಸ್ವಿಚ್ಚಾ?

ಉಪ್ಪಳ ವೈರ್‌ಮ್ಯಾನ್:
ನಿಮ್ಮದಕ್ಕೆ ಮೊದಲು ಅರ್ತ್ ನೋಡಿ. ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ, ಬಾಡಿಯಿಂದ ಎಂಜಿನ್‌ಗೆ ಹೋಗುವ ಹೆಣೆದ ಪಟ್ಟಿ ಉಂಟಲ್ವಾ, ಉಪ್ಪುಗಾಳಿಗೆ ಅದರ ಬೋಲ್ಟಿನ ಕೆಳಗೆ ತುಕ್ಕು ಹಿಡಿಯುತ್ತದೆ. ಮೇಲಿಂದ ಗೊತ್ತಾಗುವುದಿಲ್ಲ. ಸೆಲ್ಫ್ 100 ಆಂಪ್ ಎಳೆಯುವಾಗ 0.01 ಓಮ್ ತುಕ್ಕು ಸಾಕು, 1 ವೋಲ್ಟ್ ಅಲ್ಲೇ ಹೋಯಿತು. ಪರೀಕ್ಷೆ ಸುಲಭ. ಗೇರ್ ನ್ಯೂಟ್ರಲ್‌ನಲ್ಲಿಡಿ. ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್‌ನ ಬರಿ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ತೊಂದರೆ ಮಾಡುತ್ತಿರುವ ದಿನವೇ ನೋಡಬೇಕು. ಗಟ್ಟಿಯಾಗಿ ತಿರುಗಿದರೆ ಪಟ್ಟಿ ಬಿಚ್ಚಿ, ಉಪ್ಪುಕಾಗದ ಹಾಕಿ ಉಜ್ಜಿ, ಬೋಲ್ಟ್ ಬಿಗಿದ ಮೇಲೆ ಗ್ರೀಸ್ ಹಚ್ಚಿ.

ಮುಳ್ಳೇರಿಯ ಅಡಿಕೆಗಾಡಿ:
ನಮ್ಮದರಲ್ಲಿ ಕೊನೆಗೆ ಸಿಕ್ಕಿದ್ದು ಇಲಿ. ಅಡಿಕೆ ತುಂಬಿದ ಗೋದಾಮಿನ ಪಕ್ಕ ಗಾಡಿ ಇಡುವುದಲ್ವಾ. ಡ್ಯಾಶಿನ ಹಿಂದೆ ವೈರಿನ ಸಿಪ್ಪೆ ಮಾತ್ರ ತಿಂದಿತ್ತು, ತಾಮ್ರ ಹಾಗೇ ಇತ್ತು. ಹಂಪ್ ಹಾರಿದಾಗ ಎರಡು ವೈರ್ ತಾಗಿ ಫ್ಯೂಸ್ ಹಾರುತ್ತಿತ್ತು.

ಪೆರ್ಲದ ಹಳೇ ಮೆಕ್ಯಾನಿಕ್:
ಮೈಕ್‌ಸೆಟ್‌ನವರೇ, ರಸ್ತೆಗೆ ಹೋಗಬೇಡಿ. ಶೆಡ್ಡಿನ ಬಾಗಿಲು ತೆರೆದಿಟ್ಟು, ಹೊಗೆ ಹೊರಗೆ ಹೋಗುವ ಹಾಗೆ ಗಾಡಿ ನಿಲ್ಲಿಸಿ ಸ್ಟಾರ್ಟ್ ಇಡಿ. ಗಾಜಿಗೆ ನೀರು ಹೊಯ್ದು ವೈಪರ್ ಹಾಕಿ, ಫಾಗ್ ಹಾಕಿ, ಫ್ಯಾನ್ ಹಾಕಿ. ಆಮೇಲೆ ಕೀಯ ಹಿಂದಿನ ವೈರಿನ ಗೊಂಚಲನ್ನು ಮೆಲ್ಲ ಅಲ್ಲಾಡಿಸಿ. ಕೈಗೆ ಬಿಸಿ ತಾಗುವ ಜಾಗವೇ ನಿಮ್ಮ ಅಡ್ಯನಡ್ಕ.

ಉಪ್ಪಳ ವೈರ್‌ಮ್ಯಾನ್:
ಅದರ ಜೊತೆ ಇದೊಂದು ಮಾಡಿ, ಆಗ ಊಹೆಗೆ ಜಾಗವೇ ಇರುವುದಿಲ್ಲ. 5 ವಾಟ್‌ನ ಮೂರು ಸಣ್ಣ ಬಲ್ಬ್ ತೆಗೆದುಕೊಳ್ಳಿ. ಮೂರರ ಒಂದೊಂದು ಕಾಲನ್ನು ಸೇರಿಸಿ ನೇರ ಬ್ಯಾಟರಿ ನೆಗೆಟಿವ್‌ಗೆ ಕೊಡಿ. ಇನ್ನೊಂದು ಕಾಲು: ಮೊದಲನೆಯದ್ದು ಕೀ ಸ್ವಿಚ್ಚಿಗೆ ಬರುವ ವೈರಿಗೆ, ಎರಡನೆಯದ್ದು ಸ್ವಿಚ್ಚಿನಿಂದ ಹೊರಡುವ ವೈರಿಗೆ, ಮೂರನೆಯದ್ದು ಫ್ಯೂಸ್ ಬಾಕ್ಸ್ ಕಳೆದ ಮೇಲೆ ವೈಪರ್ ಲೈನಿಗೆ. ಪ್ರತಿ ಕಾಲಿಗೂ ಒಂದು ಸಣ್ಣ ಫ್ಯೂಸ್ ಇರಲಿ, ಎಲ್ಲಾದರೂ ಬಾಡಿಗೆ ತಾಗಿದರೆ ವೈರ್ ಸುಡಬಾರದು. ಮೂರನ್ನೂ ಡ್ಯಾಶಿನ ಮೇಲೆ ಟೇಪ್ ಹಾಕಿ ಸಾಲಾಗಿ ಅಂಟಿಸಿ.

ಎಲ್‌ಇಡಿ ಬೇಡ, ತಂತಿಯ ಬಲ್ಬೇ ಬೇಕು. ವೋಲ್ಟ್ ಇಳಿದರೆ ಅದು ಮಂಕಾಗಿ ತೋರಿಸುತ್ತದೆ. ಮತ್ತೆ, ಇಸಿಎಂಗೆ ಹೋಗುವ ಸೆನ್ಸರ್ ವೈರಿಗೆ ಈ ಬಲ್ಬ್ ಯಾವತ್ತೂ ಕೊಡಬಾರದು. ಏರ್‌ಬ್ಯಾಗ್ ಇರುವ ಗಾಡಿಯವರು ಇದನ್ನು ಓದುತ್ತಿದ್ದರೆ, ಹಳದಿ ಕನೆಕ್ಟರ್ ಮುಟ್ಟಲೇಬೇಡಿ.

ಒಂದೂ ಆರದಿದ್ದರೆ ಮುಂದೆ ಹುಡುಕಬೇಕು. ಮೂರೂ ಆರಿದರೆ ಸ್ವಿಚ್ಚಿಗಿಂತ ಹಿಂದೆ. ಎರಡು, ಮೂರು ಆರಿದರೆ ಸ್ವಿಚ್ ಅಥವಾ ಅದರ ಕನೆಕ್ಟರ್. ಮೂರನೆಯದ್ದು ಮಾತ್ರ ಆರಿದರೆ ಫ್ಯೂಸ್ ಬಾಕ್ಸ್ ಅಥವಾ ಅಲ್ಲಿಗೆ ಹೋಗುವ ವೈರ್.

ಬದಿಯಡ್ಕ ಮೈಕ್‌ಸೆಟ್:
ಸಿಕ್ಕಿತು! ವಿವರವಾಗಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾದೀತು.

ಶೆಡ್ಡಿನಲ್ಲೇ ಸ್ಟಾರ್ಟ್ ಇಟ್ಟೆ. ಹೊರಗೆ ಹನಿ ಮಳೆಯೂ ಇರಲಿಲ್ಲ. ಎಲ್ಲ ಸ್ವಿಚ್ ಹಾಕಿದೆ. ಸ್ವಿಚ್ಚಿನ ಒಳಬರುವ, ಹೊರಹೋಗುವ ವೈರಿನ ಮಧ್ಯೆ ಮೀಟರ್ 0.7 ತೋರಿಸಿತು. ಬಿಸಿಯಾಗುತ್ತಾ ಬಂದ ಹಾಗೆ 1.1, 1.4, ಮತ್ತೆ 1.6. ಎರಡನೆಯ ಬಲ್ಬ್ ಮೊದಲನೆಯದ್ದಕ್ಕಿಂತ ಮಂಕಾದದ್ದು ಕಣ್ಣಿಗೇ ಕಾಣುತ್ತಿತ್ತು. ವೈರಿನ ಗೊಂಚಲಿಗೆ ಬೆರಳು ತಾಗಿಸಿದ್ದೇ ತಡ, ಎರಡು ಮತ್ತು ಮೂರು ಆರಿ ಎಂಜಿನ್ ನಿಂತಿತು. ಮೊದಲನೆಯದ್ದು ಉರಿಯುತ್ತಲೇ ಇತ್ತು.

ಬ್ಯಾಟರಿ ಟರ್ಮಿನಲ್ ತೆಗೆದು, ಸ್ಟೇರಿಂಗ್ ಕೆಳಗಿನ ಕವರ್ ಬಿಚ್ಚಿದೆ. ಕನೆಕ್ಟರಿನ ಬಿಳಿ ಪ್ಲಾಸ್ಟಿಕ್ ಒಂದು ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಬಾಗಿದೆ. ಒಳಗಿನ ಹಿತ್ತಾಳೆ ಪಿನ್ ಕಪ್ಪು, ಬಾಯಿ ಅಗಲವಾಗಿದೆ. ಅಗಲ ಆದದ್ದು ಯಾಕೆ ಅಂದರೆ, ಅದೇ ತೂತಿಗೆ ಹಿಂದಿನಿಂದ ಇನ್ನೊಂದು ಕೆಂಪು ವೈರಿನ ಸಿಪ್ಪೆ ಸುಲಿದು ತುರುಕಿ, ಮೇಲಿಂದ ಟೇಪ್ ಸುತ್ತಿದ್ದಾರೆ. ಟೇಪಿನ ಅಂಟು ಕರಗಿ ಕೈಗೆ ಹತ್ತಿತು. ಆ ಕೆಂಪು ವೈರನ್ನೇ ಹಿಡಿದು ಹೋದರೆ ಬಂಪರಿನ ಫಾಗ್ ಲೈಟ್. ಮಧ್ಯೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಇಲ್ಲ, ಫ್ಯೂಸೂ ಇಲ್ಲ. ಮೈಕಿನ ಜ್ಯಾಕಿಗೆ ಹೀಗೆ ವೈರ್ ತುರುಕಿದ ಹುಡುಗನನ್ನು ನಾನು ಸ್ಟೇಜ್ ಹತ್ತಲು ಬಿಡುವುದಿಲ್ಲ.

ಪೆರ್ಲದ ಹಳೇ ಮೆಕ್ಯಾನಿಕ್:
ಹೊಸ ಸ್ವಿಚ್ ಮಾತ್ರ ಹಾಕಿ ಅದೇ ಸುಟ್ಟ ಕನೆಕ್ಟರ್ ಸಿಕ್ಕಿಸಬೇಡಿ. ಎಷ್ಟೋ ಜನ ಹಾಗೇ ಮಾಡುತ್ತಾರೆ, ಆಮೇಲೆ ಸ್ವಿಚ್ ಡೂಪ್ಲಿಕೇಟ್ ಅಂತ ಅಂಗಡಿಯವನಿಗೆ ಬೈಯುತ್ತಾರೆ. ಸಡಿಲವಾದ ಪಿನ್ ಹೊಸ ಸ್ವಿಚ್ಚಿನ ಬ್ಲೇಡನ್ನೂ ಸುಡುತ್ತದೆ. ನಾನಾದರೆ ಕೀ ಲೈನನ್ನೇ ಡೈರೆಕ್ಟ್ ಮಾಡಿ ಬೇರೆ ಸ್ವಿಚ್ ಕೊಡುತ್ತಿದ್ದೆ, ಆದರೆ ಈ ಹುಡುಗರು ಮತ್ತೆ ನನಗೆ ಪಾಠ ಮಾಡುತ್ತಾರೆ.

ಕಾಸರಗೋಡು ಪಾಲಿ ಹುಡುಗ:
ಮಾಡುತ್ತೇವೆ ಮಾವಾ 😀 ಡೈರೆಕ್ಟ್ ಬೇಡ. ಪಿನ್ ಬದಲಾಯಿಸುವಾಗ ಸುಟ್ಟ ವೈರನ್ನೂ ಒಂದೆರಡು ಇಂಚು ಕತ್ತರಿಸಿ ಬಿಸಾಡಿ. ಒಳಗಿನ ತಾಮ್ರ ಹೊಳೆಯುವ ಕೆಂಪಾಗಿ ಕಾಣುವವರೆಗೆ ಹಿಂದೆ ಹೋಗಬೇಕು. ಕಪ್ಪಾದ ತಾಮ್ರಕ್ಕೆ ಲಗ್ ಒತ್ತಿದರೂ ಸೀಸ ಹಾಕಿದರೂ ಹಿಡಿಯುವುದಿಲ್ಲ.

ಉಪ್ಪಳ ವೈರ್‌ಮ್ಯಾನ್:
ಫಾಗ್ ಲೈಟಿಗೆ ನಾಲ್ಕು ಕಾಲಿನ ರಿಲೇ ಹಾಕಿ. ಬೆನ್ನಿನ ಮೇಲೆ 30, 85, 86, 87 ಅಂತ ಬರೆದಿರುತ್ತದೆ. 30ಕ್ಕೆ ಬ್ಯಾಟರಿಯಿಂದ ನೇರ ವೈರ್, ಅದರಲ್ಲಿ 15 ಆಂಪ್‌ನ ನೀಲಿ ಫ್ಯೂಸ್, ಅದೂ ಬ್ಯಾಟರಿಯ ಹತ್ತಿರವೇ. ಫ್ಯೂಸ್ ಲೈಟಿನ ಹತ್ತಿರ ಇಟ್ಟರೆ ಮಧ್ಯದ ವೈರ್ ತಾಗಿದಾಗ ಅದನ್ನು ಕಾಯುವವರು ಯಾರು? 87 ಫಾಗ್ ಲೈಟಿಗೆ. 86 ಡ್ಯಾಶಿನ ಸ್ವಿಚ್ಚಿನಿಂದ, 85 ಅರ್ತ್‌ಗೆ. ಈಗ ಕೀ ಲೈನಿನಿಂದ ಫಾಗ್‌ಗೆ ಹೋಗುವುದು ರಿಲೇಯ ಕಾಯಿಲ್‌ಗೆ ಬೇಕಾದ 0.15 ಆಂಪ್ ಆಸುಪಾಸು ಮಾತ್ರ. 9 ಆಂಪ್ ಬೇರೆ ದಾರಿಯಲ್ಲಿ ಹೋಗುತ್ತದೆ.

ವೈರ್ 2.5 ಚದರ ಮಿಲಿಮೀಟರಿನ ಬಹುಎಳೆಯದ್ದು. ಮನೆ ವೈರಿಂಗಿನಲ್ಲಿ ಉಳಿದ ಒಂಟಿ ಎಳೆಯ ಗಟ್ಟಿ ವೈರ್ ಬೇಡ, ಗಾಡಿಯ ನಡುಕಕ್ಕೆ ಲಗ್ಗಿನ ಬುಡದಲ್ಲೇ ಮುರಿಯುತ್ತದೆ.

ಬದಿಯಡ್ಕ ಮೈಕ್‌ಸೆಟ್:
ಹೊಸ ಸ್ವಿಚ್, ಹೊಸ ಕನೆಕ್ಟರ್, ಫಾಗ್‌ಗೆ ರಿಲೇ, ಎಲ್ಲ ಆಯಿತು. ಎಲ್ಲ ಸ್ವಿಚ್ ಹಾಕಿ ಅಳೆದರೆ ಈಗ 0.08 ವೋಲ್ಟ್. ಕನೆಕ್ಟರ್ ಬೆಚ್ಚಗೂ ಇಲ್ಲ. ಜೋರು ಮಳೆಗೆ ವಿಟ್ಲದವರೆಗೆ ಹೋಗಿ ಬಂದೆ, ಮೂರು ಬಲ್ಬನ್ನೂ ಡ್ಯಾಶಿನಲ್ಲಿ ಹಾಗೇ ಇಟ್ಟುಕೊಂಡು. ಒಂದೂ ಮಿಟುಕಲಿಲ್ಲ. ವೈಪರ್ ಮೊದಲಿಗಿಂತ ಚುರುಕಾಗಿದೆ, ಅದನ್ನು ನಿರೀಕ್ಷಿಸಿರಲಿಲ್ಲ. ಬಿಚ್ಚಿದ ಹಳೆಯ ಪಂಪ್ ಶೆಡ್ಡಿನಲ್ಲಿದೆ, ಬ್ಯಾಟರಿಗೆ ಕೊಟ್ಟು ನೋಡಿದರೆ ಚೆನ್ನಾಗಿ ತಿರುಗುತ್ತದೆ. ಅದರ ದುಡ್ಡು ಬರುವುದಿಲ್ಲ, ಬಿಡಿ.

ಮುಳ್ಳೇರಿಯ ಅಡಿಕೆಗಾಡಿ:
ಅಣ್ಣಾ, ಆಂಪ್ಲಿಫೈಯರಿನ ಲೈನ್ ಎಲ್ಲಿಂದ ತೆಗೆದದ್ದು? ಅದೂ ಹೀಗೇ ತುರುಕಿದ್ದಾ?

ಬದಿಯಡ್ಕ ಮೈಕ್‌ಸೆಟ್:
ಅದು ನನ್ನದೇ ಕೆಲಸ, ನೇರ ಬ್ಯಾಟರಿಯಿಂದ, ಬುಡದಲ್ಲೇ ಫ್ಯೂಸ್.

ಉಪ್ಪಳ ವೈರ್‌ಮ್ಯಾನ್:
ಹಾಗಿದ್ದರೆ ಗಾಡಿ ನಿಲ್ಲಿಸಿದಾಗ ಅದು ಎಷ್ಟು ಎಳೆಯುತ್ತದೆ ಅಂತ ಒಮ್ಮೆ ನೋಡಿಬಿಡಿ. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ಮಧ್ಯೆ ಮೀಟರನ್ನು ಆಂಪ್‌ನಲ್ಲಿಟ್ಟು ಕಟ್ಟಿ. 50 ಮಿಲಿಆಂಪ್ ಒಳಗಿದ್ದರೆ ಚಿಂತೆ ಇಲ್ಲ. ಅಷ್ಟಾದರೂ ದಿನಕ್ಕೆ 1.2 ಆಂಪ್ ಅವರ್ ಹೋಗುತ್ತದೆ, 35ರ ಬ್ಯಾಟರಿ ತಿಂಗಳಲ್ಲಿ ಖಾಲಿ. ಮಳೆಗಾಲದಲ್ಲಿ ಗಾಡಿ ಸುಮ್ನೆ ನಿಲ್ಲುವವರು ನೆಗೆಟಿವ್ ತೆಗೆದಿಡುವುದೇ ಸುಲಭ. ಮೀಟರ್ ಕಟ್ಟಿರುವಾಗ ಸೆಲ್ಫ್ ಒತ್ತಬೇಡಿ ಮಾತ್ರ, ಮೀಟರಿನ ಫ್ಯೂಸ್ ಹಾರುತ್ತದೆ.

ಮಂಜೇಶ್ವರ ಕಡಲಬದಿ:
ಜಂಪರ್ ಕಚ್ಚಿಸಿ ನೋಡಿದೆ. ಒಂದೇ ಸೆಲ್ಫಿಗೆ ತಿರುಗಿತು. ಪಟ್ಟಿ ಬಿಚ್ಚಲು ಹೋದರೆ ಬೋಲ್ಟಿನ ತಲೆಯೇ ತುಂಡಾಗಿ ಕೈಗೆ ಬಂತು. ಈಗ ಒಳಗೆ ಉಳಿದ ತುಂಡು ತೆಗೆಯುವುದು ಹೇಗೆ ಅಂತ ಹೇಳಿ.

ಪೆರ್ಲದ ಹಳೇ ಮೆಕ್ಯಾನಿಕ್:
ಅದಕ್ಕೆ ನಾನಿದ್ದೇನೆ. ಗಾಡಿಯನ್ನು ಹಾಗೇ ಇಡಿ, ಸಂಜೆ ಬರೆಯುತ್ತೇನೆ.